ಭೂತದ ಸುರಂಗದ ಎದುರಿನ ಬೆಂಚು

ಆ ಕಾಲದ ಬಾಗ್ದಾದಿನಲ್ಲಿ ಬದ್ರಿಯಾಳ ದನಿ ಕೇಳದವರು ಕಡಿಮೆ. ಅವಳ ಮುಖ ಕಂಡವರೂ ಕಡಿಮೆಯೇ. ಕಾಲುವೆ ದಂಡೆಯ ಆಟದ ಪಾರ್ಕಿನಲ್ಲಿ, ದೊಡ್ಡ ಬಾಗಿಲ ಪಕ್ಕದ ತಗಡಿನ ಕೋಣೆಯೊಳಗೆ ಮೈಕಿನ ಮುಂದೆ ಕೂತಿರುತ್ತಿದ್ದಳು. ಖರ್ಜೂರದ ಮರಗಳಿಗೆ ಕಟ್ಟಿದ್ದ ಸ್ಪೀಕರುಗಳಿಂದ ಅವಳ ದನಿ ಬರುತ್ತಿತ್ತು: ಗೊಂಬೆಯಾಟ ಶುರುವಾಗುತ್ತಿದೆ, ದೋಣಿಯ ಸರದಿಯಲ್ಲಿ ನೂಕಬೇಡಿ, ನೀಲಿ ಚಡ್ಡಿಯ ಹುಡುಗನೊಬ್ಬ ಸಿಕ್ಕಿದ್ದಾನೆ, ಮನೆಯವರು ದೊಡ್ಡ ಬಾಗಿಲಿಗೆ ಬನ್ನಿ. ಜೇನಿನಂಥ ದನಿಯೇನಲ್ಲ. ಮಾಳಿಗೆಯ ಮೇಲೆ ನಿಂತು ಪಕ್ಕದ ಮನೆಯವಳನ್ನು ಕರೆಯುವ ಹೆಂಗಸಿನ ದನಿ, ಕೊಂಚ ಒಡಕು. ಅದಕ್ಕೇ ಇರಬೇಕು, ಕೇಳಿದವರು ಓಡಿ ಬರುತ್ತಿದ್ದರು.

ಶುಕ್ರವಾರ ಬಂದರೆ ಅವಳ ಕೋಣೆ ಕಳೆದುಹೋದ ಮಕ್ಕಳಿಂದ ತುಂಬುತ್ತಿತ್ತು. ಒಂದೊಂದಕ್ಕೂ ಮೂಗು ಒರೆಸಿ, ಎಳ್ಳಿನ ಬಿಸ್ಕತ್ತು ಕೊಟ್ಟು, ಹೆಸರು ಕೇಳಿ ಕೂಗುತ್ತಿದ್ದಳು. ತಾಯಂದಿರು ಬಂದು ಮೊದಲು ಒಂದೇಟು ಹಾಕಿ, ಆಮೇಲೆ ಅಪ್ಪಿಕೊಂಡು ಅಳುತ್ತಿದ್ದರು. ಸಂಜೆಯಾಗುವ ಹೊತ್ತಿಗೆ ಕೋಣೆ ಬರಿದಾಗುತ್ತಿತ್ತು.

ಜೈಂಟ್ ವೀಲಿಗೂ ಭೂತದ ಸುರಂಗಕ್ಕೂ ನಡುವೆ ನಮ್ಮಪ್ಪನ ಕಬಾಬಿನ ಹೋಟೆಲು. ಆಗಷ್ಟೇ ಮದುವೆಯಾಗಿದ್ದ ನಾನು ಗಲ್ಲಾದ ಮೇಲೆ ಕೂರುತ್ತಿದ್ದೆ. ಬದ್ರಿಯಾ ಮಧ್ಯಾಹ್ನ ಬಂದು ಬಿಸಿ ರೊಟ್ಟಿ, ಎರಡು ಕಡ್ಡಿ ಕಬಾಬು, ಒಂದು ಚಮಚ ಅಂಬಾ ಎಂಬ ಮಾವಿನಕಾಯಿ ಉಪ್ಪಿನಕಾಯಿ ಕಟ್ಟಿಸಿಕೊಂಡು ಹೋಗುತ್ತಿದ್ದಳು. ಅವಳಿಗೆ ಮಕ್ಕಳಿರಲಿಲ್ಲ. ನಮ್ಮಲ್ಲಿ ಅಂಥ ಹೆಂಗಸನ್ನು ‘ಉಮ್ ಗಾಯಿಬ್’ ಎನ್ನುತ್ತಾರೆ, ಇನ್ನೂ ಬಾರದವನ ತಾಯಿ ಎಂದು. ಚುಚ್ಚುವುದಕ್ಕಲ್ಲ, ಮರ್ಯಾದೆಗೇ. ಗಂಡ ಸಬ್ರಿ ನಗರದ ಕೆಂಪು ಡಬಲ್ ಡೆಕರ್ ಬಸ್ಸಿನ ಡ್ರೈವರು, ಬಾಯಿ ಜೋರಿನ ಮನುಷ್ಯ. “ದಿನಾ ಇಷ್ಟು ಮಕ್ಕಳು ಸಿಗ್ತಾವೆ ಇವಳಿಗೆ. ಒಂದನ್ನಾದ್ರೂ ಮನೆಗೆ ತರ್ತಾಳಾ? ಜಿಪುಣಿ,” ಎಂದು ನಮ್ಮ ಹೋಟೆಲಿನಲ್ಲಿ ಕೂತು ಹೇಳಿ ನಗಿಸುತ್ತಿದ್ದ.

ಇರಾನಿನ ಮೇಲೆ ಯುದ್ಧ ಶುರುವಾಗುವುದಕ್ಕೆ ಮುಂಚಿನ ವಸಂತದಲ್ಲಿ ಅವಳು ಒಂದು ಮಗುವನ್ನು ಮನೆಗೆ ಕರೆದುಕೊಂಡು ಹೋದಳು.

ಆ ತಿಂಗಳು ಊರಿನ ಗಾಳಿಯೇ ಬೇರೆಯಿತ್ತು. ಫೈಲಿ ಕುರ್ದರ ಮನೆಗಳನ್ನು ಒಂದೊಂದಾಗಿ ಖಾಲಿ ಮಾಡಿಸುತ್ತಿದ್ದರು. ಅಜ್ಜನ ಕಾಲದಿಂದ ಬಾಗ್ದಾದಿನಲ್ಲೇ ಹುಟ್ಟಿ ಬೆಳೆದವರಿಗೆ, ನಿಮ್ಮ ಬೇರು ಇರಾನಿನದು, ಅಲ್ಲಿಗೇ ಹೋಗಿ ಎಂದು ಹೇಳಿ, ಲಾರಿ ಹತ್ತಿಸಿ ಗಡಿಯ ಬೆಟ್ಟದ ಬುಡದಲ್ಲಿ ಇಳಿಸುತ್ತಿದ್ದರು. ಬಾಗಿಲಿಗೆ ಅರಗಿನ ಮುದ್ರೆ ಬೀಳುತ್ತಿತ್ತು. ಬದ್ರಿಯಾ ಹುಟ್ಟಿ ಬೆಳೆದದ್ದು ಅವರ ಕೇರಿಯ ಪಕ್ಕದ ಗಲ್ಲಿಯಲ್ಲಿ. ಮುದ್ರೆ ಬಿದ್ದ ಬಾಗಿಲುಗಳ ಮುಂದೆ ನಡೆದೇ ಅವಳು ಬಸ್ಸಿಗೆ ಬರಬೇಕಿತ್ತು. ಅದರ ಬಗ್ಗೆ ಯಾರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ.

ಆ ಶುಕ್ರವಾರ ಭೂತದ ಸುರಂಗ ನಡೆಸುತ್ತಿದ್ದ ಖಲಫ್ ಒಂದು ಹೆಣ್ಣುಮಗುವಿನ ಕೈ ಹಿಡಿದು ಅವಳ ಕೋಣೆಗೆ ಬಂದ. ನಾಲ್ಕು ವರ್ಷ ಇರಬಹುದು. ಹಳದಿ ಅಂಗಿ, ಗಲ್ಲದ ತುಂಬಾ ಬಾಂಬೆ ಮಿಠಾಯಿಯ ಗುಲಾಬಿ ಅಂಟು. ಸುರಂಗದ ಎದುರಿನ ಬೆಂಚಿನ ಮೇಲೆ ಬಹಳ ಹೊತ್ತಿನಿಂದ ಕೂತಿತ್ತಂತೆ. ಅಮ್ಮ ಒಳಗೆ ಹೋಗಿದ್ದಾಳೆ, ಆ ಬಾಗಿಲಿನಿಂದ ಬರುತ್ತಾಳೆ, ಅಲ್ಲಾಡಬೇಡ ಅಂದಿದ್ದಾಳೆ ಎಂದು ಹೇಳಿತಂತೆ. ಖಲಫನ ಮುಖದಲ್ಲಿ ರಕ್ತವಿರಲಿಲ್ಲ. ಒಬ್ಬಳೇ ಹೆಂಗಸು ಗಾಡಿ ಹತ್ತಿದ್ದು ಅವನಿಗೆ ನೆನಪಿತ್ತು. ಅದೇ ಗಾಡಿ ಅಡ್ಡ ಸರಳು ಹಾಕಿದ್ದು ಹಾಕಿದಂತೆಯೇ ಖಾಲಿ ಹೊರಗೆ ಬಂದಿತ್ತು. ಟಾರ್ಚು ಹಿಡಿದು ಒಳಗೆಲ್ಲ ಹುಡುಕಿದ್ದ. ತಲೆಬುರುಡೆ, ಜೇಡರ ಬಲೆ, ಹಲ್ಲು ಕಿರಿಯುವ ರಟ್ಟಿನ ದೆವ್ವ ಬಿಟ್ಟರೆ ಯಾರೂ ಇರಲಿಲ್ಲ.

ಬದ್ರಿಯಾ ಮೂಗು ಒರೆಸಿ ಬಿಸ್ಕತ್ತು ಕೊಟ್ಟಳು. ಹೆಸರು ನಸ್ರೀನ್ ಎಂದು ತಿಳಿಯಿತು. ಹಳದಿ ಅಂಗಿಯ ನಸ್ರೀನ್ ಎಂಬ ಹುಡುಗಿ ನಮ್ಮ ಹತ್ತಿರ ಇದ್ದಾಳೆ, ಮನೆಯವರು ದೊಡ್ಡ ಬಾಗಿಲಿಗೆ ಬನ್ನಿ ಎಂದು ಕೂಗಿದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೂಗಿದಳು. ಯಾರೂ ಬರಲಿಲ್ಲ. ಮೂರನೆಯ ಸಲ ಕೂಗುವ ಮುಂಚೆ, ಅಮ್ಮನನ್ನು ಏನೆಂದು ಕರೆಯುತ್ತೀಯ ಎಂದು ಕೇಳಿದಳು. ನಮ್ಮ ಮಕ್ಕಳು ‘ಯುಮ್ಮ’ ಎನ್ನುತ್ತಾರೆ. ಈ ಮಗು “ದಾ” ಎಂದಿತು.

ಆ ಒಂದು ಅಕ್ಷರದಲ್ಲಿ ಬದ್ರಿಯಾಗೆ ಎಲ್ಲ ತಿಳಿಯಿತು. ಚಿಕ್ಕಂದಿನಲ್ಲಿ ಪಕ್ಕದ ಗಲ್ಲಿಯ ಮಕ್ಕಳು ತಾಯಂದಿರನ್ನು ಕೂಗುತ್ತಿದ್ದದ್ದು ಹಾಗೆಯೇ. ಇದು ಲಾರಿ ಹತ್ತಬೇಕಾದ ಮನೆಯ ಮಗು. ಅಷ್ಟರಲ್ಲಿ ಪಾರ್ಕಿನ ಮೇಲೆ ಕಣ್ಣಿಡಲು ನಿಂತಿದ್ದ ಆಳುವ ಪಕ್ಷದ ಮನುಷ್ಯ ಬಾಗಿಲಲ್ಲಿ ಇಣುಕಿದ. ಎರಡು ಸಲ ಕೂಗಿದರೂ ಯಾರೂ ಬರಲಿಲ್ಲವಲ್ಲ, ಯಾರದು ಈ ಮಗು ಎಂದು ಕೇಳಿದ. ಬದ್ರಿಯಾ ಮೈಕಿನ ಗುಂಡಿಯನ್ನು ಆರಿಸಿದಳು. ನಮ್ಮ ನಾದಿನಿಯ ಮಗಳು, ಹಟ ಮಾಡುತ್ತಿದ್ದಳು, ಹೆದರಿಸೋಣವೆಂದು ಕೂಗಿದೆ ಎಂದು ನಕ್ಕಳು. ಅವನೂ ನಕ್ಕು, ಮಗುವಿನ ಗಲ್ಲ ಚಿವುಟಿ ಹೋದ.

ಮನೆಯಲ್ಲಿ ಸಬ್ರಿಗೆ ಅಂದು ತಮಾಷೆ ಹೊಳೆಯಲಿಲ್ಲ. ಬಾಗಿಲು ಹಾಕಿ, ರೇಡಿಯೋ ಜೋರು ಮಾಡಿ, ಹೆಂಡತಿಯ ಕಿವಿಯ ಹತ್ತಿರ ಹೇಳಿದ, “ಬದ್ರಿಯಾ, ಮಡಿಲಲ್ಲಿ ಕೆಂಡ ಕಟ್ಕೊಂಡು ಬಂದಿದ್ದೀಯ.”

“ಹೌದು. ಮಲಗಿದೆ, ಮೆಲ್ಲಗೆ ಮಾತಾಡು,” ಎಂದಳು ಅವಳು.

ಬಸ್ರಾ ಕಡೆಯ ಸತ್ತುಹೋದ ತಂಗಿಯ ಮಗು ಎಂದು ನೆರೆಯವರಿಗೆ ಹೇಳಿದರು. ನಸ್ರೀನ್ ಎಂಬ ಹೆಸರು ಎಲ್ಲರಲ್ಲೂ ಇರುವುದರಿಂದ ಅದನ್ನು ಬದಲಿಸುವ ಅಗತ್ಯ ಬೀಳಲಿಲ್ಲ. ಬಿಡಿಸಬೇಕಾದದ್ದು ಒಂದೇ ಮಾತು. ‘ದಾ’ ಎಂದಾಗಲೆಲ್ಲ ಬದ್ರಿಯಾ ಮಗುವಿನ ಬಾಯಿಯ ಮೇಲೆ ಮೆತ್ತಗೆ ಕೈಯಿಡುತ್ತಿದ್ದಳು. ಕೆಲವು ತಿಂಗಳಲ್ಲಿ ಮಗು ಆ ಮಾತು ಬಿಟ್ಟಿತು. ಬಿಟ್ಟ ದಿನ ಬದ್ರಿಯಾ ಅಡುಗೆಮನೆಯಲ್ಲಿ ಕೂತು ಅತ್ತಳೆಂದು ನನ್ನ ಹೆಂಡತಿ ಹೇಳಿದಳು. ‘ಯುಮ್ಮ’ ಎನ್ನಲು ಅವಳು ಕಲಿಸಲಿಲ್ಲ. ಹುಡುಗಿ ಕೊನೆಯವರೆಗೂ ‘ಖಾಲಾ’, ದೊಡ್ಡಮ್ಮ, ಎಂದೇ ಕರೆದಳು. ಜನ ಅವಳನ್ನು ಉಮ್ ನಸ್ರೀನ್ ಎನ್ನಲು ಹೋದರೆ ತಡೆಯುತ್ತಿದ್ದಳು. ಅದು ಬೇರೆಯವರ ಹೆಸರು ಎನ್ನುತ್ತಿದ್ದಳು.

ಅಲ್ಲಿಂದ ಶುರುವಾದವು ಅವರ ಶುಕ್ರವಾರಗಳು. ಬದ್ರಿಯಾ ಪಾಳಿ ಬದಲಿಸಿಕೊಂಡು ಶುಕ್ರವಾರ ಮಧ್ಯಾಹ್ನದ ಮೇಲೆ ಬಿಡುವು ಮಾಡಿಕೊಂಡಳು. ಹುಡುಗಿಗೆ ಯಾವಾಗಲೂ ಹಳದಿ ಅಂಗಿ. ಮೊದಲು ದೋಣಿ, ಆಮೇಲೆ ಮರದ ಕುದುರೆಗಳು, ಜೈಂಟ್ ವೀಲು, ನಮ್ಮಲ್ಲಿ ಊಟ, ಬಯಲು ರಂಗದಲ್ಲಿ ಗೊಂಬೆಯಾಟ. ಎಲ್ಲ ಕಡೆಯೂ ಜನಕ್ಕೆ ಎದ್ದು ಕಾಣುವ ಜಾಗದಲ್ಲೇ ಕೂರಿಸುತ್ತಿದ್ದಳು. ಹೋಟೆಲಿನ ಒಳಗೆ ಫ್ಯಾನಿನ ಕೆಳಗೆ ಬನ್ನಿ ಎಂದರೆ ಬರುತ್ತಿರಲಿಲ್ಲ, ಹೊರಗಿನ ಮೇಜೇ ಆಗಬೇಕು. ತಾಯಿ ಎಲ್ಲಿಂದಾದರೂ ಬಂದರೆ ಕಾಣಲಿ ಎಂದು. ಆದರೆ ಯಾವಳಾದರೂ ಹೆಂಗಸು ಹುಡುಗಿಯ ಕಡೆ ಒಂದು ಗಳಿಗೆ ಹೆಚ್ಚು ನೋಡಿದರೆ ಬದ್ರಿಯಾಳ ಕೈಯ ತುತ್ತು ಅಲ್ಲೇ ನಿಲ್ಲುತ್ತಿತ್ತು. ತನ್ನ ಅಬಾಯದ ಅಂಚನ್ನು ಹುಡುಗಿಯ ಮೇಲೆ ಹೊದಿಸಿಬಿಡುತ್ತಿದ್ದಳು. ತೋರಿಸಲೆಂದು ಕರೆತಂದು ಬಚ್ಚಿಡುವುದು. ಗಲ್ಲಾದ ಮೇಲೆ ಕೂತು ಎಷ್ಟು ಸಲ ನೋಡಿದ್ದೇನೋ.

ಕನ್ನಡಿ ಮಹಲಿಗೆ ಮಾತ್ರ ಅವಳು ಹೋಗುತ್ತಿರಲಿಲ್ಲ. ಒಮ್ಮೆ ಹುಡುಗಿಯ ಜೊತೆ ಹೋಗಿ ಬಿಳಿಚಿಕೊಂಡು ಹೊರಗೆ ಬಂದಿದ್ದಳು. ಒಂದೊಂದು ಕನ್ನಡಿಯಲ್ಲೂ ಹುಡುಗಿಯ ಹಿಂದೆ ಕರಿ ಅಬಾಯದ ಹೆಂಗಸೊಬ್ಬಳು ನಿಂತಿದ್ದಳು, ಅದು ನಾನೇ ಎಂದು ತಿಳಿಯುವುದಕ್ಕೆ ಹೊತ್ತಾಯಿತು ಎಂದು ನನ್ನ ಹೆಂಡತಿಗೆ ಹೇಳಿದಳು. ಮೈಕಿನ ಬಗ್ಗೆಯೂ ಹೇಳಿದಳು. “ಗುಂಡಿ ಒತ್ತಿದ ತಕ್ಷಣ, ನಾನು ಉಸಿರೆಳ್ಕೊಳ್ಳೋ ಮುಂಚೆ, ಇನ್ಯಾರೋ ಉಸಿರೆಳ್ಕೊತಾರೆ ಕಣೇ. ಸ್ಪೀಕರಲ್ಲಿ ಕೇಳ್ಸತ್ತೆ. ಏನೋ ಹೇಳೋಕ್ ಬರ್ತಾರೆ, ನಾನು ಶುರು ಮಾಡ್ತಿದ್ದ ಹಾಗೆ ಸುಮ್ನಾಗ್ತಾರೆ.” ಹಳೆಯ ಮೈಕು, ಗೊರಗೊರ ಎನ್ನುತ್ತದೆ ಎಂದು ನನ್ನ ಹೆಂಡತಿ ಸಮಾಧಾನ ಮಾಡಿದಳು. ನಾನೂ ಒಂದೆರಡು ಸಲ ಕಿವಿಗೊಟ್ಟು ಕೇಳಿದೆ. ಗೊರಗೊರ ಸದ್ದೇ ಇತ್ತು. ಅದರಾಚೆ ಏನೂ ಇರಲಿಲ್ಲವೆಂದು ಆಣೆ ಮಾಡಿ ಹೇಳಲಾರೆ.

ಖಲಫ್ ಬಾಯಿ ಮುಚ್ಚಿಕೊಂಡಿರುವ ಜಾತಿಯವನಲ್ಲ. ಮಗುವಿನ ವಿಷಯ ಮಾತ್ರ ನಮ್ಮಪ್ಪನ ಬೆದರಿಕೆಗೆ ಹೆದರಿ ಎತ್ತಲಿಲ್ಲ. ಖಾಲಿ ಗಾಡಿಯ ಕಥೆ ತಡೆಯಲಾಗಲಿಲ್ಲ. ಒಬ್ಬ ಹೆಂಗಸು ಒಳಗೆ ಹೋದವಳು ಇವತ್ತಿಗೂ ಹೊರಗೆ ಬಂದಿಲ್ಲ ಎಂದು ಟಿಕೆಟ್ಟು ಹರಿಯುತ್ತಾ ಹೇಳುತ್ತಿದ್ದ. ಕೇಳಿದವರು ಇನ್ನಷ್ಟು ಬಣ್ಣ ಕಟ್ಟಿದರು. ಮೂರನೆಯ ತಿರುವಿನಲ್ಲಿ ತಣ್ಣನೆಯ ಕೈ ತಾಗುತ್ತದೆಂದರು, ಯಾರೋ ಅಳುತ್ತಾರೆಂದರು. ಸರದಿ ನಮ್ಮ ಹೋಟೆಲಿನ ಬಾಗಿಲವರೆಗೂ ಬೆಳೆಯಿತು. ಯುದ್ಧಕ್ಕೆ ಹೊರಟ ಹುಡುಗರು ರಜೆಯಲ್ಲಿ ಬಂದು, ನಿಶ್ಚಯವಾದ ಹುಡುಗಿಯರನ್ನು ಕೂರಿಸಿಕೊಂಡು ಒಳಗೆ ಹೋಗಿ ಕಿರುಚಿ ನಗುತ್ತಾ ಹೊರಗೆ ಬರುತ್ತಿದ್ದರು. ಅವರಲ್ಲಿ ಎಷ್ಟೋ ಜನ ಮತ್ತೆ ಬರಲಿಲ್ಲ.

ಆ ನಗುವಿನ ಎದುರಿಗೆ, ಅದೇ ಬೆಂಚಿನ ಮೇಲೆ ನಸ್ರೀನ್ ಕೂರುತ್ತಿದ್ದಳು. ಗೊಂಬೆಯಾಟ ಮುಗಿದ ಮೇಲೆ ಯಾರ ಮಾತೂ ಕೇಳದೆ ಅಲ್ಲಿಗೆ ಹೋಗಿ, ಹೊರಬರುವ ಬಾಗಿಲನ್ನೇ ನೋಡುವುದು. ಒಂದೊಂದು ಗಾಡಿ ಬಂದಾಗಲೂ ಕತ್ತು ಮುಂದೆ ಚಾಚುತ್ತಿದ್ದಳು. ಒಂದು ದಿನ ಶಾಲೆಯ ಗೆಳತಿಯರು ಬಂದು, ಒಳಗಿನ ಹೆಂಗಸಿನ ಕಥೆ ನಿನಗೆ ಗೊತ್ತಾ ಎಂದು ಕೇಳಿದರಂತೆ. ಗೊತ್ತು ಎಂದಳಂತೆ. ಅಷ್ಟೇ. ನನ್ನನ್ನೂ ಒಳಗೆ ಬಿಡು ಎಂದು ವರ್ಷಗಟ್ಟಲೆ ಬದ್ರಿಯಾಳನ್ನು ಕಾಡಿದಳು. ಬದ್ರಿಯಾ ಬಿಡಲಿಲ್ಲ.

ಹೈಸ್ಕೂಲು ಸೇರುವ ವಯಸ್ಸಿಗೆ ಹುಡುಗಿ ಕೇಳುವುದನ್ನು ನಿಲ್ಲಿಸಿದಳು. ಒಂದು ಶುಕ್ರವಾರ ಬದ್ರಿಯಾ ನಮ್ಮಲ್ಲಿ ರೊಟ್ಟಿಗೆ ಕಾಯುತ್ತಿದ್ದಾಗ ತಾನೇ ಹೋಗಿ ಗಾಡಿ ಹತ್ತಿಬಿಟ್ಟಳು. ನಾನು ನೋಡಿ ಹೇಳುವಷ್ಟರಲ್ಲಿ ಗಾಡಿ ಒಳಗೆ ಹೋಗಿತ್ತು. ಬದ್ರಿಯಾ ರೊಟ್ಟಿ ಬಿಸಾಡಿ ಓಡಿದಳು. ಹೊರಬರುವ ಬಾಗಿಲ ಮುಂದೆ ಎರಡೂ ಕೈ ಚಾಚಿ ನಿಂತಳು, ಬೀಳುವ ಮಗುವನ್ನು ಹಿಡಿಯುವವಳಂತೆ. ಗಾಡಿ ಬಂತು. ನಸ್ರೀನ್ ಅದರಲ್ಲಿದ್ದಳು. ಕಿರುಚಿರಲಿಲ್ಲ, ಅತ್ತಿರಲಿಲ್ಲ. ಇಳಿದು ಬಂದು ನಮ್ಮ ಹೊರಗಿನ ಮೇಜಿನ ಮುಂದೆ ಕೂತು ನೀರು ಕುಡಿದಳು.

“ಮೂರನೇ ತಿರುವಲ್ಲಿ ಒಂದು ಚಿಕ್ಕ ಬಾಗಿಲಿದೆ, ಖಾಲಾ. ರಿಪೇರಿಯವರದ್ದು. ಸಂದಿಯಿಂದ ಬೆಳಕು ಬರ್ತಿತ್ತು,” ಎಂದಳು.

“ಅಲ್ಲಿ ಗಾಡಿ ನಿಧಾನ ಆಗತ್ತೆ. ಯಾರ್ ಬೇಕಾದ್ರೂ ಇಳೀಬಹುದು.” ನೀರಿನ ಲೋಟ ಕೆಳಗಿಟ್ಟು ಕೇಳಿದಳು, “ನಿಮಗೆ ಗೊತ್ತಿತ್ತಾ?”

ಗೊತ್ತಿತ್ತು ಎಂದಳು ಬದ್ರಿಯಾ. ಅಂದು ಮನೆಗೆ ಹೋದ ಮೇಲೆ ಲಾರಿಗಳ ಕಥೆ, ‘ದಾ’ ಎಂಬ ಮಾತಿನ ಕಥೆ, ಗುಂಡಿ ಆರಿಸಿದ ಕಥೆ ಎಲ್ಲವನ್ನೂ ಹೇಳಿದಳು. ನಸ್ರೀನ್ ಕೇಳಿಸಿಕೊಂಡಳು. ಮುಂದಿನ ಶುಕ್ರವಾರ ಅವಳು ಬರಲಾರಳೆಂದು ನಾನೆಣಿಸಿದ್ದೆ. ಬಂದಳು. ಬೆಂಚಿನ ಮೇಲೆ ಮಾತ್ರ ಕೂರಲಿಲ್ಲ, ಅಲ್ಲಿ ಈಗ ಬದ್ರಿಯಾ ಒಬ್ಬಳೇ ಕೂರುತ್ತಿದ್ದಳು. ಯಾಕಮ್ಮ ಇನ್ನೂ ಬರುತ್ತೀಯ ಎಂದು ನಾನೇ ಒಮ್ಮೆ ಕೇಳಿದೆ. “ನಾನು ಕಾಯೋದು ಬಿಟ್ಟೆ, ಅಬು ರಾಫಿದ್,” ಎಂದಳು, ನನ್ನ ಮಗನ ಹೆಸರು ಹಿಡಿದು. “ಖಾಲಾಗೆ ಬಿಡೋಕಾಗ್ತಿಲ್ಲ.”

ವರ್ಷಗಳು ಕಳೆದವು. ಸಬ್ರಿ ಸಕ್ಕರೆ ಕಾಯಿಲೆಯಿಂದ ಹೋದ. ದಿಗ್ಬಂಧನದ ವರ್ಷಗಳಲ್ಲಿ ಬಿಡಿಭಾಗ ಸಿಗದೆ ಆಟಗಳು ಒಂದೊಂದಾಗಿ ನಿಂತವು. ಬಣ್ಣವಿಲ್ಲದ ಮರದ ಕುದುರೆಗಳು, ಕುರಿಮಾಂಸದ ಬದಲು ಕಡಲೆ ಹಿಟ್ಟು ಬೆರೆಸಿದ ನಮ್ಮ ಕಬಾಬು. ನಮ್ಮಪ್ಪ ತೀರಿಕೊಂಡ. ನಸ್ರೀನ್ ಮಕ್ಕಳ ವಾರ್ಡಿನಲ್ಲಿ ನರ್ಸಾದಳು. ಹೆಣ್ಣು ನೋಡಲು ಬಂದವರು ಮನೆತನದ ಬೇರು ಕೇಳುತ್ತಿದ್ದರು, ಅಲ್ಲಿಗೆ ಮಾತು ಮುರಿಯುತ್ತಿತ್ತು. ಅಮೆರಿಕನ್ನರು ಬಂದ ವರ್ಷ ಪಾರ್ಕು ಲೂಟಿಯಾಯಿತು. ಸುರಂಗದ ಮೋಟರು, ಹಳಿ, ಗಾಡಿಗಳೆಲ್ಲ ಹೋದವು. ರಟ್ಟಿನ ದೆವ್ವವನ್ನು ಯಾರೂ ಮುಟ್ಟಲಿಲ್ಲ. ಬಾಗಿಲಿಲ್ಲದ ಬಾಯಿಯೊಳಗೆ ಅದು ಹಾಗೇ ಹಲ್ಲು ಕಿರಿದುಕೊಂಡು ನಿಂತಿತ್ತು. ಮರುವರ್ಷ ವಸಂತದಲ್ಲಿ ಕೆಲವು ಆಟಗಳನ್ನು ದುರಸ್ತಿ ಮಾಡಿ ಮತ್ತೆ ಬಾಗಿಲು ತೆರೆದರು. ನಾನೂ ಒಲೆ ಹಚ್ಚಿದೆ. ಮೊದಲ ಶುಕ್ರವಾರವೇ ಬದ್ರಿಯಾ ಕೋಲೂರಿಕೊಂಡು, ನಸ್ರೀನಳ ತೋಳು ಹಿಡಿದು ಬಂದಳು.

ಅಂದು ಬೆಂಚಿನ ಒಂದು ತುದಿಯಲ್ಲಿ ಕಪ್ಪು ಬಟ್ಟೆಯ ಹೆಂಗಸೊಬ್ಬಳು ಆಗಲೇ ಕೂತಿದ್ದಳು. ಬದ್ರಿಯಾ ಇನ್ನೊಂದು ತುದಿಯಲ್ಲಿ ಕೂತಳು. ನಸ್ರೀನ್ ಚಹಾ ಹೇಳಲು ನನ್ನ ಬಳಿ ಬಂದಳು. ಹೋಟೆಲಿನಿಂದ ಬೆಂಚಿಗೆ ಹತ್ತು ಹೆಜ್ಜೆ ಕೂಡ ಇಲ್ಲ, ಮಾತೆಲ್ಲ ಕೇಳುತ್ತಿತ್ತು. ಇದು ಯಾವಾಗ ನಿಂತಿತು ಎಂದು ಹೆಂಗಸು ಸುರಂಗ ತೋರಿಸಿ ಕೇಳಿದಳು. ಬಾಗ್ದಾದಿನ ಮಾತೇ, ಆದರೆ ಹಳತು. ನಮ್ಮ ಅಜ್ಜಿಯರ ಜೊತೆ ಹೋದ ಪದಗಳು. ಬದ್ರಿಯಾ ಉತ್ತರ ಹೇಳತೊಡಗಿದಳು: ಮೋಟರು ಕೆಟ್ಟದ್ದು, ಲೂಟಿಯಾದದ್ದು, ಖಲಫ್ ಸತ್ತದ್ದು. ಹೆಂಗಸು ಮೆಲ್ಲನೆ ಇತ್ತ ತಿರುಗಿದಳು.

“ಇನ್ನೊಂದು ಮಾತಾಡು, ಅಕ್ಕಾ,” ಎಂದಳು. “ಏನಾದ್ರೂ ಸರಿ. ಮಾತಾಡು.”

ಬದ್ರಿಯಾಳ ಕೋಲು ಕೈಯಿಂದ ಜಾರಿ ನೆಲಕ್ಕೆ ಬಿತ್ತು.

ಅಷ್ಟರಲ್ಲಿ ನಸ್ರೀನ್ ಚಹಾದ ತಟ್ಟೆ ಹಿಡಿದು ಅವರ ಮುಂದೆ ನಿಂತಿದ್ದಳು. ಹೆಂಗಸು ಅವಳನ್ನು ಹೋಟೆಲಿನವಳೆಂದುಕೊಂಡಳು. ಕಣ್ಣೊರೆಸಿಕೊಂಡು ಬೆಂಚಿನ ನಡುವೆ ಜಾಗ ಮಾಡಿ, “ಇಲ್ಲಿಡು ನನ್ನ ಕಣ್ಣೇ. ದೇವರು ನಿನ್ನ ಅಮ್ಮನ್ನ ನಿನಗೆ ಉಳಿಸಿರಲಿ,” ಎಂದಳು. ನಮ್ಮಲ್ಲಿ ಚಹಾ ತಂದವರಿಗೆಲ್ಲ ಹೇಳುವ ಮಾತು ಅದು.

ಬದ್ರಿಯಾಗೆ ಆಗ ದನಿ ಬಂತು. “ಇವಳೇ,” ಎಂದಳು.

ನಸ್ರೀನ್ ತಟ್ಟೆಯನ್ನು ಬೆಂಚಿನ ಮೇಲಿಟ್ಟಳು. ಒಂದು ಹನಿಯೂ ಚೆಲ್ಲಲಿಲ್ಲ. ಅಪ್ಪಿಕೊಳ್ಳಲಿಲ್ಲ. ಸಣ್ಣ ದನಿಯಲ್ಲಿ ಒಂದೇ ಮಾತು ಕೇಳಿದಳು, “ಒಳಗೆ ಹೋಗೋವಾಗ ಹಿಂದೆ ತಿರುಗಿ ನೋಡಿದ್ರಾ?”

“ನೋಡ್ದೆ,” ಎಂದಳು ತಾಯಿ. “ನೀನು ಮಿಠಾಯಿ ತಿಂತಿದ್ದೆ. ನೀನು ನೋಡ್ಲಿಲ್ಲ.”

ಅವಳ ಹೆಸರು ಕದಮ್‌ಖೈರ್. ಹೋಟೆಲಿನ ಒಳಗೆ ಕರೆತಂದು ಕೂರಿಸಿ, ಬಂದ ಗಿರಾಕಿಗಳನ್ನು ನಾನು ಹೊರಗಿನ ಮೇಜಿಗೆ ಕಳಿಸಿದೆ. ಊಟ ಮುಂದಿಟ್ಟೆ. ಮುಟ್ಟಿದವರಿಲ್ಲ. ಅವಳು ಹೇಳುತ್ತಾ ಹೋದಳು. ಗಂಡನನ್ನು ಮೊದಲೇ ಹಿಡಿದುಕೊಂಡು ಹೋಗಿದ್ದರು, ಅವನ ಸುದ್ದಿ ಇವತ್ತಿಗೂ ಇಲ್ಲ. ಮರುದಿನ ಬೆಳಿಗ್ಗೆ ಮಕ್ಕಳ ಸಮೇತ ಠಾಣೆಗೆ ಬರಬೇಕೆಂದು ಅಪ್ಪಣೆಯಾಗಿತ್ತು. ಮನೆಯಲ್ಲಿ ಅತ್ತೆ, ಮೊಲೆ ಕುಡಿಯುವ ಗಂಡುಮಗು. ಬೆಟ್ಟದ ದಾರಿಯಲ್ಲಿ ಮಕ್ಕಳು ಸಾಯುತ್ತಿವೆ ಎಂಬ ಸುದ್ದಿ ಬಂದಿತ್ತು. ಒಂದನ್ನಾದರೂ ಉಳಿಸಬೇಕೆಂದುಕೊಂಡಳು. ಅದಕ್ಕೆ ಹಿಂದಿನ ಬೇಸಿಗೆಯಲ್ಲಿ ನಸ್ರೀನ್ ಇದೇ ಪಾರ್ಕಿನಲ್ಲಿ ಒಮ್ಮೆ ನಿಜವಾಗಿಯೂ ಕಳೆದುಹೋಗಿದ್ದಳಂತೆ. ಕೂಗು ಕೇಳಿ ಓಡಿ ಬಂದಾಗ, ಮಗು ಬದ್ರಿಯಾಳ ತೊಡೆಯ ಮೇಲೆ ಕೂತು ಬಿಸ್ಕತ್ತು ತಿನ್ನುತ್ತಿತ್ತಂತೆ. ಬದ್ರಿಯಾಗೆ ಅದು ನೆನಪೇ ಇರಲಿಲ್ಲ. ಅಂಥವು ಎಷ್ಟೋ.

“ನಾನು ಮಗೂನ ಪಾರ್ಕಲ್ಲಿ ಬಿಡ್ಲಿಲ್ಲ, ಅಕ್ಕಾ,” ಎಂದಳು ಕದಮ್‌ಖೈರ್. “ನಿನ್ನ ಹತ್ರ ಬಿಟ್ಟೆ.”

ಚಿಕ್ಕ ಬಾಗಿಲಿನಿಂದ ಇಳಿದು ಹಿಂದಿನ ಬೇಲಿ ದಾಟಿ, ಕಾಲುವೆಯ ದಂಡೆಯ ನೀಲಗಿರಿ ಮರದ ಕೆಳಗೆ ನಿಂತಿದ್ದಳು. ಮೊದಲ ಕೂಗು ಕೇಳಿತು. ಮರ ಹಿಡಿದುಕೊಂಡಳು. ಎರಡನೆಯದು ಕೇಳಿತು. ಕಾಲು ತಾನಾಗಿಯೇ ಬೇಲಿಯ ಕಡೆ ಹೊರಟಿತು. “ಇನ್ನೊಂದೇ ಒಂದು ಸಲ ನೀನು ಕೂಗಿದ್ರೆ ಬಂದ್ಬಿಡ್ತಿದ್ದೆ. ಬೇಲಿ ಹತ್ತಿದ್ದೆ ಆಗ್ಲೇ. ನೀನು ಕೂಗ್ಲಿಲ್ಲ.” ಗಡಿಯಾಚೆ ಇರಾನಿನ ಇಲಾಮಿನಲ್ಲಿ, ನಿರಾಶ್ರಿತರ ಶಿಬಿರದಲ್ಲಿ, ಆಮೇಲೆ ಗಾರೆ ಹೊತ್ತು ಕಟ್ಟಿಕೊಂಡ ಮನೆಯಲ್ಲಿ, ನಿದ್ದೆ ಹತ್ತುವ ಗಳಿಗೆಗೆ ಸರಿಯಾಗಿ ಆ ಎರಡು ಕೂಗು ಕೇಳುತ್ತಿದ್ದವಂತೆ. ಮೂರನೆಯದಕ್ಕೆ ಕಾದು ಕಾದು ಬೆಳಗಾಗುತ್ತಿತ್ತಂತೆ. ಗಂಡುಮಗು ಬೆಟ್ಟ ದಾಟುವಾಗಲೇ ಹೋಯಿತು. ಅದನ್ನು ಮಣ್ಣು ಮಾಡಿದ ಜಾಗವನ್ನು ಆಮೇಲೆ ಹುಡುಕಿದರೆ ಕಲ್ಲುಗಳೆಲ್ಲ ಒಂದೇ ಥರ ಇದ್ದವಂತೆ.

ಆಮೇಲೆ ಅವಳು ಕೇಳಿದಳು, ಅಂದು ಯಾಕೆ ನಿಲ್ಲಿಸಿದೆ ಎಂದು. ಕೇಳಿದ ರೀತಿಯಲ್ಲಿ ಆಪಾದನೆಯಿರಲಿಲ್ಲ. ಬದ್ರಿಯಾ ತಲೆಯೆತ್ತಿ ನಸ್ರೀನಳ ಮುಖ ನೋಡಿದಳು, ನನ್ನ ಮುಖ ನೋಡಿದಳು.

“ಕರೆಂಟು ಹೋಯ್ತು,” ಎಂದಳು.

ನಸ್ರೀನ್ ತುಟಿ ಬಿಚ್ಚಲಿಲ್ಲ. ನಾನು ಒಲೆಯ ಕಡೆ ತಿರುಗಿಕೊಂಡೆ.

ಕದಮ್‌ಖೈರ್ ಬದ್ರಿಯಾಳ ಮನೆಯಲ್ಲೇ ಎರಡು ವಾರ ಉಳಿದಳು. ಮಗಳ ಎದುರು ಹೇಗಿರಬೇಕೆಂದು ಅವಳಿಗೆ ತಿಳಿಯುತ್ತಿರಲಿಲ್ಲ. ಅತಿಥಿಯಂತೆ ಕುರ್ಚಿಯ ಅಂಚಿನಲ್ಲಿ ಕೂರುತ್ತಿದ್ದಳು, ಮಗಳು ಕೋಣೆಯಿಂದ ಕೋಣೆಗೆ ಹೋದರೆ ಎದ್ದು ಹಿಂದೆಯೇ ಹೋಗುತ್ತಿದ್ದಳು. ನಸ್ರೀನಳಿಗೆ ಅವಳ ಭಾಷೆಯಲ್ಲಿ ಒಂದು ಮಾತೂ ನೆನಪಿರಲಿಲ್ಲ. ‘ದಾ’ ಎಂದು ಕರೆಯಲು ಬದ್ರಿಯಾ ಹೇಳಿಕೊಟ್ಟಳು. ಹುಡುಗಿಗೆ ನಾಲಿಗೆ ಹೊರಳದೆ ಮೊದಮೊದಲು ಅಳು ಬಂತಂತೆ. ಬೇಸಿಗೆಗೆ ಅವಳು ತಾಯಿಯ ಜೊತೆ ಇಲಾಮಿಗೆ ಹೋದಳು. ಇನ್ನು ಬರುವುದಿಲ್ಲವೆಂದು ಬದ್ರಿಯಾ ನನ್ನ ಹೆಂಡತಿಯ ಹತ್ತಿರ ಹೇಳಿ, ಅವಳ ಹಾಸಿಗೆ ಸುತ್ತಿಟ್ಟಳಂತೆ. ತಿಂಗಳಿಗೆ ನಸ್ರೀನ್ ಬಂದು ಹಾಸಿಗೆ ಬಿಚ್ಚಿ ಹಾಸಿಕೊಂಡಳು. ವಾರ್ಡಿನಲ್ಲಿ ರಜೆ ಮುಗಿಯಿತು ಎಂದಷ್ಟೇ ಹೇಳಿದಳು.

ಆಮೇಲೆ ಪ್ರತಿ ವಸಂತದಲ್ಲೂ ಕದಮ್‌ಖೈರ್ ಬರುತ್ತಿದ್ದಳು. ಅನ್ನ ಬಸಿಯುವುದರ ಬಗ್ಗೆ, ಒಣನಿಂಬೆ ಎಷ್ಟು ಹಾಕಬೇಕೆಂಬುದರ ಬಗ್ಗೆ ಇಬ್ಬರೂ ಜಗಳವಾಡುವುದು ಬೀದಿಗೆ ಕೇಳುತ್ತಿತ್ತು. ಪಾರ್ಕಿಗೆ ಇಬ್ಬರೂ ಮತ್ತೆ ಬರಲಿಲ್ಲ. ಬದ್ರಿಯಾ ಒಳಗೊಳಗೇ ಸೊರಗುತ್ತಿದ್ದಳು. ಮಗುವನ್ನು ಕಾಯ್ದುಕೊಂಡ ವರ್ಷಗಳಲ್ಲಿ ಕಾಣದ ಭಯ ಈಗ ಅವಳ ಕಣ್ಣಲ್ಲಿತ್ತು. ಒಮ್ಮೆ ನೋಡಲು ಹೋದಾಗ ನನ್ನನ್ನು ಹತ್ತಿರ ಕರೆದು, ಅವಳು ಬೇಲಿ ಹತ್ತಿದ್ದಳಂತೆ, ಬೇಲಿ ಹತ್ತಿದ್ದಳಂತೆ ಎಂದು ಎರಡು ಸಲ ಹೇಳಿದಳು. ನೀನು ಕೂಗಿದ್ದರೆ ಆ ಹುಡುಗಿಯೂ ಬೆಟ್ಟದಲ್ಲೇ ಉಳಿಯುತ್ತಿದ್ದಳೇನೋ ಎಂದೆ. ಉಳಿಯುತ್ತಿದ್ದಳೋ, ದಾಟುತ್ತಿದ್ದಳೋ, ಯಾರು ಕಂಡವರು ಎಂದಳು.

ಮೂರನೆಯ ವರ್ಷ ಚಳಿಗಾಲದಲ್ಲಿ ಬದ್ರಿಯಾ ತೀರಿಕೊಂಡಳು. ಗಡಿಯಲ್ಲಿ ತಡವಾಗಿ, ಕದಮ್‌ಖೈರ್ ಬರುವ ಹೊತ್ತಿಗೆ ಮಣ್ಣಾಗಿತ್ತು. ಕಹಿ ಕಾಫಿ ಕುಡಿದು ಸಂತಾಪ ಹೇಳಿ ಹೋಗುವ ಹೆಂಗಸರ ನಡುವೆ ಮೂರು ದಿನವೂ ಕೂತಳು. ಕೊನೆಯ ದಿನ ಎಲ್ಲರೂ ಹೋದ ಮೇಲೆ ನಾನೂ ನನ್ನ ಹೆಂಡತಿಯೂ ಬಾಡಿಗೆಯ ಕುರ್ಚಿಗಳನ್ನು ಜೋಡಿಸುತ್ತಿದ್ದೆವು. ನಸ್ರೀನ್ ತಾಯಿಯ ಎದುರು ನೆಲದ ಮೇಲೆ ಕೂತು, ಒಂದು ಮಾತು ಹೇಳಬೇಕೆಂದಳು. ಅಂದು ಕರೆಂಟು ಹೋಗಿರಲಿಲ್ಲ, ಖಾಲಾ ತಾನಾಗಿಯೇ ಗುಂಡಿ ಆರಿಸಿದಳು, ಯಾಕೆಂದರೆ ಪಕ್ಷದ ಮನುಷ್ಯ ಬಾಗಿಲಲ್ಲಿ ನಿಂತಿದ್ದ ಎಂದು ಎಲ್ಲವನ್ನೂ ಬಿಚ್ಚಿ ಹೇಳಿದಳು.

ಕದಮ್‌ಖೈರ್ ಮಗಳ ತಲೆಯ ಮೇಲೆ ಕೈಯಿಟ್ಟಳು.

“ಗೊತ್ತಿತ್ತಮ್ಮ. ಬೇಲಿ ಆಚೆಯಿಂದ ಜೈಂಟ್ ವೀಲು ಕಾಣ್ತಿತ್ತು. ದೀಪ ಹಾಕ್ಕೊಂಡು ತಿರುಗ್ತಾನೇ ಇತ್ತು.”

ಹಾಗಾದರೆ ಯಾಕೆ ಸುಮ್ಮನಿದ್ದಿರಿ ಎಂದು ನಸ್ರೀನ್ ಕೇಳಿದಳು. ನಿನ್ನ ಖಾಲಾ ಅಷ್ಟು ಕಷ್ಟಪಟ್ಟು ಹೇಳಿದ ಸುಳ್ಳು, ತೆಗೆದುಕೊಳ್ಳದೆ ಹೇಗಿರಲಿ ಎಂದಳು ತಾಯಿ. ಎದ್ದು ಅಡುಗೆಮನೆಗೆ ಹೋಗಿ, ಬೆಳಗಿನಿಂದ ಏನೂ ತಿನ್ನದ ನಮಗೆಲ್ಲ ಅನ್ನಕ್ಕೆ ನೀರಿಟ್ಟಳು.